ಗ್ರಾಹಕ ವ್ಯಾಜ್ಯಗಳ ಪರಿಹಾರ: ಕೊಚ್ಚಿ ಮತ್ತು ತಿರುವನಂತಪುರ

ದುಡ್ಡು ಕೊಟ್ಟು ಕೊಂಡ ವಸ್ತು ದೋಷದ್ದಾಗಿದ್ದರೆ, ಅಥವಾ ಪಡೆದ ಸೇವೆ ಹೇಳಿದ ಮಾತಿಗೆ ತಕ್ಕಂತೆ ಇರದಿದ್ದರೆ, ಕೊಂಡವರಿಗೂ ಮಾರಿದವರಿಗೂ ನಡುವೆ ಏಳುವ ತಕರಾರನ್ನು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತದೆ, ಕಡಿಮೆ ಖರ್ಚಿನಲ್ಲಿ ತೀರಿಸಿಕೊಳ್ಳಲು ಭಾರತದಲ್ಲಿ ಮೂರು ಹಂತದ ಗ್ರಾಹಕ ಆಯೋಗಗಳಿವೆ. ಕೇರಳದಲ್ಲಿ ಹದಿನಾಲ್ಕು ಜಿಲ್ಲೆಗಳಿಗೂ ಒಂದೊಂದು ಜಿಲ್ಲಾ ಆಯೋಗವಿದ್ದು, ಅವುಗಳ ಮೇಲಿನ ರಾಜ್ಯ ಆಯೋಗ ತಿರುವನಂತಪುರದ ವಳುದಕ್ಕಾಡಿನಲ್ಲಿದೆ. ಕೊಚ್ಚಿಯ ತಕರಾರುಗಳು ಕಲೂರು ಬಳಿಯ ಕತ್ರಿಕಡವು ರಸ್ತೆಯಲ್ಲಿರುವ ಎರ್ನಾಕುಳಂ ಜಿಲ್ಲಾ ಆಯೋಗಕ್ಕೆ ಹೋಗುತ್ತವೆ. ಕಾನೂನಿನ ದೊಡ್ಡ ಪ್ರಶ್ನೆಯೊಂದು ದೆಹಲಿ ಮುಟ್ಟುವುದಕ್ಕೆ ತಿರುವನಂತಪುರದ ಪ್ರಕರಣಗಳು ಕಾರಣವಾದವು. ಸೀರೆ, ಟೈಲ್ಸು, ಪರೋಟದಂಥ ದಿನಬಳಕೆಯ ಜಗಳಗಳನ್ನು ಪತ್ರಿಕೆಗಳ ಮುಖಪುಟಕ್ಕೆ ತಂದದ್ದು ಎರ್ನಾಕುಳಂ. ಎರಡೂ ಊರುಗಳ ಅನುಭವವನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗ್ರಾಹಕ ಗೆಲ್ಲುವುದು ತನ್ನ ಸಂಕಟದ ತೂಕದಿಂದಲ್ಲ. ಮಾರಿದವನು ಏನನ್ನು ಒಪ್ಪಿಕೊಂಡಿದ್ದ, ಏನನ್ನು ಕೊಟ್ಟ ಎಂಬುದನ್ನು ಕಾಗದದಲ್ಲಿ ತೋರಿಸಬಲ್ಲ ಶಕ್ತಿಯಿಂದ.

ಹಿನ್ನೆಲೆ

1986ಕ್ಕೆ ಮೊದಲು ಕೆಟ್ಟ ಸರಕು ಕೊಂಡವನಿಗೆ ಇದ್ದ ಆಸರೆ 1930ರ ಸರಕು ಮಾರಾಟ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಹಕ್ಕೇನೋ ಪುಸ್ತಕದಲ್ಲಿತ್ತು. ಆದರೆ ಒಂದು ಮಿಕ್ಸಿಗಾಗಿ ಮುನ್ಸೀಫ್ ಕೋರ್ಟಿಗೆ ಹೋಗಿ, ಕೋರ್ಟು ಶುಲ್ಕ ಕಟ್ಟಿ, ವಕೀಲರನ್ನಿಟ್ಟು, ವರ್ಷಗಟ್ಟಲೆ ವಾಯಿದೆಗೆ ಅಲೆಯುವವರು ಯಾರು? ಅಮೆರಿಕದ ಅಧ್ಯಕ್ಷ ಕೆನಡಿ 1962ರ ಮಾರ್ಚ್ 15ರಂದು ಗ್ರಾಹಕರ ನಾಲ್ಕು ಹಕ್ಕುಗಳನ್ನು ಹೆಸರಿಸಿದ್ದರು. ವಿಶ್ವಸಂಸ್ಥೆ 1985ರ ಏಪ್ರಿಲ್‌ನಲ್ಲಿ ಗ್ರಾಹಕ ಸಂರಕ್ಷಣೆಯ ಮಾರ್ಗಸೂಚಿಗಳನ್ನು ಒಪ್ಪಿತು. ಅದರ ಮರುವರ್ಷ, 1986ರ ಡಿಸೆಂಬರ್ 24ರಂದು, ಭಾರತದ ಗ್ರಾಹಕರ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಆ ದಿನವೇ ಇಂದಿನ ರಾಷ್ಟ್ರೀಯ ಗ್ರಾಹಕರ ದಿನ. ಜನರ ಕಡೆಯಿಂದಲೂ ಒತ್ತಡವಿತ್ತು. ಮುಂಬಯಿ ಮತ್ತು ಅಹಮದಾಬಾದಿನ ಸಂಘಟನೆಗಳ ಸಾಲಿನಲ್ಲೇ ಕನ್ನಡ ಕರಾವಳಿಯ ಬಸ್ರೂರಿನ ಬಳಕೆದಾರರ ವೇದಿಕೆಯನ್ನೂ ಅದನ್ನು ಕಟ್ಟಿದ ಡಾ. ರವೀಂದ್ರನಾಥ ಶಾನಭಾಗರನ್ನೂ ನೆನೆಯಬೇಕು.

ಕೇರಳದ ನಂಟು ಆರಂಭದಲ್ಲೇ ಇದೆ. ದೆಹಲಿಯ ರಾಷ್ಟ್ರೀಯ ಆಯೋಗದ ಮೊದಲ ಅಧ್ಯಕ್ಷರಾದವರು ನ್ಯಾಯಮೂರ್ತಿ ವಿ. ಬಾಲಕೃಷ್ಣ ಎರಾಡಿ. ಕೇರಳ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಬಳಿಕ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದವರು ಅವರು. ಹೊಸ ಕಾಯ್ದೆಯ ಪದಗಳಿಗೆ ಅರ್ಥ ತುಂಬುವ ಕೆಲಸ ಬಹುಮಟ್ಟಿಗೆ ಅವರ ಕಾಲದಲ್ಲೇ ನಡೆಯಿತು.

ತಿರುವನಂತಪುರದ ಆಸ್ಪತ್ರೆ ಪ್ರಕರಣಗಳು

ಆ ಅರ್ಥ ತುಂಬುವ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ವೈದ್ಯರದ್ದು. ಡಾಕ್ಟರಿಗೆ ಫೀಸು ಕೊಟ್ಟು ಚಿಕಿತ್ಸೆ ಪಡೆದ ರೋಗಿ ಗ್ರಾಹಕನೇ? ಚಿಕಿತ್ಸೆ ಎಂಬುದು ಕಾಯ್ದೆ ಹೇಳುವ ಸೇವೆಯೇ? ತಿರುವನಂತಪುರದ ಕಾಸ್ಮೊಪಾಲಿಟನ್ ಆಸ್ಪತ್ರೆಯ ವಿರುದ್ಧದ ದೂರುಗಳು ಕೇರಳ ರಾಜ್ಯ ಆಯೋಗದಲ್ಲಿ ನಡೆದು, ಮೇಲ್ಮನವಿಯಾಗಿ ರಾಷ್ಟ್ರೀಯ ಆಯೋಗವನ್ನು ತಲುಪಿದವು. ವೈದ್ಯವೃತ್ತಿ ವ್ಯಾಪಾರವಲ್ಲ, ರೋಗಿ ಮತ್ತು ವೈದ್ಯರ ಸಂಬಂಧ ಅಂಗಡಿ ಮತ್ತು ಗಿರಾಕಿಯ ಸಂಬಂಧವಲ್ಲ ಎಂಬುದು ಆಸ್ಪತ್ರೆಯ ಕಡೆಯ ವಾದ. ರಾಷ್ಟ್ರೀಯ ಆಯೋಗ 1992ರ ಏಪ್ರಿಲ್ 21ರಂದು ಅದನ್ನು ತಳ್ಳಿಹಾಕಿ, ಹಣ ಪಡೆದು ಕೊಡುವ ಚಿಕಿತ್ಸೆ ಸೇವೆಯೇ ಎಂದಿತು.

ದೇಶದ ವೈದ್ಯರು ಬೆಚ್ಚಿದರು. ಭಾರತೀಯ ವೈದ್ಯಕೀಯ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಬೇರೆ ರಾಜ್ಯಗಳಿಂದ ಬಂದ ಅರ್ಜಿಗಳೂ ಅದರೊಂದಿಗೆ ಸೇರಿದವು. ವಿ.ಪಿ. ಶಾಂತಾ ಪ್ರಕರಣ ಎಂದೇ ಹೆಸರಾದ ಆ ಗುಚ್ಛದ ತೀರ್ಪು 1995ರ ನವೆಂಬರ್ 13ರಂದು ಬಂತು. ಹಣ ಪಡೆಯುವ ಖಾಸಗಿ ವೈದ್ಯರು, ನರ್ಸಿಂಗ್ ಹೋಮುಗಳು ಕಾಯ್ದೆಯ ಒಳಗೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಅಥವಾ ಧರ್ಮಾರ್ಥ ಆಸ್ಪತ್ರೆ ಹೊರಗೆ. ಕೆಲವರಿಂದ ಹಣ ಪಡೆದು ಬಡವರಿಗೆ ಬಿಟ್ಟಿಯಾಗಿ ನೋಡುವ ಆಸ್ಪತ್ರೆಯಾದರೆ, ಆ ಬಡ ರೋಗಿಯೂ ಗ್ರಾಹಕನೇ. ಈ ಮೂರನೆಯ ಮಾತು ನನ್ನ ದೃಷ್ಟಿಯಲ್ಲಿ ತೀರ್ಪಿನ ಅತ್ಯಂತ ನ್ಯಾಯವಾದ ಭಾಗ. ದುಡ್ಡು ಕೊಟ್ಟವನಿಗೆ ಒಂದು ಜಾಗ್ರತೆ, ಕೊಡದವನಿಗೆ ಇನ್ನೊಂದು ಎಂಬ ವಾದಕ್ಕೆ ಅಲ್ಲಿ ಎಡೆ ಸಿಗಲಿಲ್ಲ.

ಪ್ರಶ್ನೆ ಮತ್ತೊಮ್ಮೆ ತಲೆಯೆತ್ತಿದ್ದು 2019ರ ಹೊಸ ಕಾಯ್ದೆ ಬಂದಾಗ. ಸೇವೆಯ ವ್ಯಾಖ್ಯೆಯಲ್ಲಿ ಆರೋಗ್ಯಸೇವೆಯ ಉಲ್ಲೇಖ ಮಸೂದೆಯಲ್ಲಿದ್ದು ಕಾಯ್ದೆಯಲ್ಲಿ ಕಾಣೆಯಾಗಿತ್ತು. ಇದನ್ನು ಹಿಡಿದು ವೈದ್ಯರು ಮತ್ತೆ ವಾದಿಸಿದರು. ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟು 2022ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಬಾಂಬೆ ಹೈಕೋರ್ಟಿನ ಇಂಥದೇ ತೀರ್ಪಿನ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟು ಅದೇ ವರ್ಷದ ಏಪ್ರಿಲ್ 29ರಂದು ವಜಾ ಮಾಡಿತು. ವಕೀಲರ ವಿಷಯದಲ್ಲಿ ಮಾತ್ರ ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿಯಿತು: 2024ರ ಮೇ 14ರ ತೀರ್ಪಿನಂತೆ ವಕೀಲರ ಸೇವೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ವೈದ್ಯರು ಒಳಗೆ, ವಕೀಲರು ಹೊರಗೆ ಎಂಬುದನ್ನು ಸಾಮಾನ್ಯ ಓದುಗನಿಗೆ ವಿವರಿಸುವುದು ಕಷ್ಟವೇ.

ವ್ಯಾಪ್ತಿ ಮತ್ತು ಶುಲ್ಕ

ಈಗ ಜಾರಿಯಲ್ಲಿರುವುದು 2020ರ ಜುಲೈ 20ರಿಂದ ಅನ್ವಯವಾದ 2019ರ ಕಾಯ್ದೆ. ಹಳೆಯ ಕಾಯ್ದೆಯ ಜಿಲ್ಲಾ ವೇದಿಕೆಗಳು ಇದರಡಿ ಜಿಲ್ಲಾ ಆಯೋಗಗಳಾದವು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗ, 50 ಲಕ್ಷದಿಂದ 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಇದು 2021ರ ಡಿಸೆಂಬರ್ 30ರ ನಿಯಮ. ಹಳೆಯ ಕಾಯ್ದೆಯಲ್ಲಿ ಕೇಳುವ ಪರಿಹಾರವನ್ನೂ ಲೆಕ್ಕಕ್ಕೆ ಸೇರಿಸಲಾಗುತ್ತಿತ್ತು. ಹತ್ತು ಸಾವಿರದ ವಸ್ತುವಿಗೆ ಕೋಟಿ ಕೇಳಿ ನೇರವಾಗಿ ದೆಹಲಿಗೆ ಹೋಗುವವರಿದ್ದರು. ಈಗ ಲೆಕ್ಕಕ್ಕೆ ಬರುವುದು ಕೊಟ್ಟ ಹಣ ಮಾತ್ರ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲವೇ ಇಲ್ಲ. ಐದರಿಂದ ಹತ್ತು ಲಕ್ಷಕ್ಕೆ 200 ರೂಪಾಯಿ, ಇಪ್ಪತ್ತು ಲಕ್ಷದವರೆಗೆ 400, ಐವತ್ತು ಲಕ್ಷದವರೆಗೆ 1,000.

ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ತನ್ನ ಹೊಟ್ಟೆಪಾಡಿಗೆ, ತಾನೇ ದುಡಿಯಲು ಕೊಂಡವನು ಗ್ರಾಹಕನೇ. ಫೋರ್ಟ್ ಕೊಚ್ಚಿಯಲ್ಲಿ ಆಟೋ ಕೊಂಡು ತಾನೇ ಓಡಿಸುವವನೂ, ವಿಳಿಞ್ಞಂನಲ್ಲಿ ದೋಣಿಗೆ ಎಂಜಿನ್ ಕೊಂಡು ತಾನೇ ಕಡಲಿಗೆ ಹೋಗುವ ಮೀನುಗಾರನೂ ಈ ಕಾಯ್ದೆಯ ನೆರಳಿಗೆ ಬರುತ್ತಾರೆ. ಹತ್ತು ಆಟೋ ಇಟ್ಟು ಚಾಲಕರಿಗೆ ಬಾಡಿಗೆಗೆ ಬಿಡುವವನು ಬರುವುದಿಲ್ಲ.

ದೂರು ನಡೆಯುವ ಬಗೆ

ಮೊದಲ ಹೆಜ್ಜೆ ಅಂಗಡಿಗೋ ಕಂಪನಿಗೋ ಒಂದು ನೋಟಿಸು. ಕಾಯ್ದೆ ಅದನ್ನು ಕಡ್ಡಾಯ ಮಾಡಿಲ್ಲ. ಆದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ನೋಟಿಸಿಗೆ ಉತ್ತರ ಬಾರದಿದ್ದರೆ ಆ ಮೌನವೇ ಮುಂದೆ ಸಾಕ್ಷ್ಯವಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡ, ಮಲಯಾಳಂ ಸೇರಿದಂತೆ 17 ಭಾಷೆಗಳಲ್ಲಿ ಕರೆ ಮಾಡಬಹುದು. ಆನ್‌ಲೈನ್ ಖರೀದಿಯಾದರೆ 2020ರ ಇ-ವಾಣಿಜ್ಯ ನಿಯಮಗಳಂತೆ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದದ್ದನ್ನು ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಸಣ್ಣಪುಟ್ಟ ತಕರಾರುಗಳಿಗೆ ಮೊದಲು ಈ ದಾರಿ ಹಿಡಿದು ನೋಡುವುದೇ ಲೇಸು.

ಅದೂ ಆಗದಿದ್ದರೆ ಆಯೋಗ. ದೂರು, ಅಫಿಡವಿಟ್, ಬಿಲ್ಲಿನ ಪ್ರತಿ, ವಾರಂಟಿ ಕಾರ್ಡು, ನೋಟಿಸು, ಅಂಚೆ ರಸೀದಿ. ಇಷ್ಟನ್ನು ಖುದ್ದಾಗಿ ಅಥವಾ ಸರ್ಕಾರದ ಇ-ಜಾಗೃತಿ ಜಾಲತಾಣದ ಮೂಲಕ ಸಲ್ಲಿಸಬಹುದು. ವಕೀಲರು ಬೇಕೇಬೇಕೆಂದಿಲ್ಲ. ದೂರನ್ನು ಅಂಗೀಕರಿಸಬೇಕೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನದೊಳಗೆ ತೀರ್ಮಾನಿಸಬೇಕು. ಎದುರುದಾರರಿಗೆ ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. ನಲವತ್ತೈದನೆಯ ದಿನ ಕಳೆದ ಮೇಲೆ ಬಂದ ಉತ್ತರವನ್ನು ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಖಡಾಖಂಡಿತವಾಗಿ ಹೇಳಿತು. ಕಂಪನಿಗಳ ವಕೀಲರು ವಾಯಿದೆಯ ಮೇಲೆ ವಾಯಿದೆ ಕೇಳುವ ಚಾಳಿಗೆ ಇದರಿಂದ ಸ್ವಲ್ಪ ಕಡಿವಾಣ ಬಿತ್ತು.

ವಸ್ತುವಿನ ದೋಷ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಪರೀಕ್ಷೆ ಬೇಕು. ಆಯೋಗ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಶುಲ್ಕ ದೂರುದಾರರದ್ದು, ವರದಿಗೆ 45 ದಿನ. ಕೇರಳದಲ್ಲಿ ಆಹಾರದ ಮಾದರಿಗಳಿಗೆ ತಿರುವನಂತಪುರದ ಸರ್ಕಾರಿ ವಿಶ್ಲೇಷಕರ ಪ್ರಯೋಗಾಲಯ, ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಪ್ರಾದೇಶಿಕ ಪ್ರಯೋಗಾಲಯ, ಕಲ್ಲಿಕೋಟೆಯ ಇನ್ನೊಂದು ಇವೆ. ಕಲಬೆರಕೆಯ ಕಾರಣಕ್ಕೆ ಕೇರಳ ಸರ್ಕಾರ 2018ರಲ್ಲಿ ಹಲವು ಹತ್ತು ಬ್ರಾಂಡಿನ ತೆಂಗಿನೆಣ್ಣೆಯನ್ನು ನಿಷೇಧಿಸಿತ್ತು. ನಾಲಿಗೆಗೆ ಗೊತ್ತಾಗದ ಕಲಬೆರಕೆಯನ್ನು ಹಿಡಿಯುವುದು ಇಂಥ ಪ್ರಯೋಗಾಲಯಗಳೇ. ಮನೆ ಕಟ್ಟಿದ ಕೆಲಸ, ಕಾರಿನ ಎಂಜಿನ್ ಇವುಗಳ ತಕರಾರಿನಲ್ಲಿ ಆಯೋಗ ಪರಿಣತ ಕಮಿಷನರನ್ನು ನೇಮಿಸಿ ಸ್ಥಳ ತನಿಖೆ ಮಾಡಿಸುವುದುಂಟು. ಪರೀಕ್ಷೆಗೋ ಕಮಿಷನರ ನೇಮಕಕ್ಕೋ ಅರ್ಜಿ ಹಾಕದೆ ಬರಿಯ ಫೋಟೋ ಹಿಡಿದು ಬರುವ ದೂರುಗಳು ಹೆಚ್ಚಾಗಿ ಬೀಳುತ್ತವೆ.

ಎರ್ನಾಕುಳಂನ ಕೆಲವು ಆದೇಶಗಳು

ಮಾಹಿತಿ ಹಕ್ಕು ಕೆಲಸದಲ್ಲಿ ಹೆಸರಾಗಿದ್ದ ವಕೀಲ ಡಿ.ಬಿ. ಬಿನು ಅಧ್ಯಕ್ಷರಾಗಿ, ವಿ. ರಾಮಚಂದ್ರನ್ ಮತ್ತು ಟಿ.ಎನ್. ಶ್ರೀವಿದ್ಯಾ ಸದಸ್ಯರಾಗಿ ಇದ್ದ ಪೀಠದ ಆದೇಶಗಳಿಂದ ಎರ್ನಾಕುಳಂ ಆಯೋಗ ಕೇರಳದಾಚೆಗೂ ಸುದ್ದಿಯಾಯಿತು. 24 ಗಂಟೆ ಆಸ್ಪತ್ರೆಯಲ್ಲಿ ಮಲಗಿರಲಿಲ್ಲ ಎಂಬ ಒಂದೇ ನೆಪದಲ್ಲಿ ವಿಮಾ ಕಂಪನಿ ಹಣ ನಿರಾಕರಿಸುವಂತಿಲ್ಲ, ಹೊಸ ತಂತ್ರಜ್ಞಾನದಿಂದ ಚಿಕಿತ್ಸೆಯೇ ಬೇಗ ಮುಗಿಯುವ ಕಾಲ ಇದು ಎಂದು ಈ ಆಯೋಗ ಹೇಳಿದ್ದು ಸಾವಿರಾರು ಪಾಲಿಸಿದಾರರಿಗೆ ತಟ್ಟುವ ಮಾತು. 2024ರಲ್ಲಿ ಬಂದ ಇನ್ನೊಂದು ಆದೇಶ, ಮದುವೆಗೆಂದು ಕೊಂಡು ಒಮ್ಮೆ ಉಟ್ಟೊಡನೆ ಬಣ್ಣ ಬಿಟ್ಟ ಸೀರೆಯದ್ದು. ಸೀರೆಯ ಬೆಲೆ, ಪರಿಹಾರ ಎಲ್ಲ ಸೇರಿಸಿ ಆಲಪ್ಪುಳದ ಮಾರಾಟಗಾರರು 36,500 ರೂಪಾಯಿ ಕೊಡಬೇಕಾಯಿತು. ಅದೇ ವರ್ಷ ಚೇರ್ತಲದ ಯುವಕನೊಬ್ಬನಿಗೆ ಹೆಣ್ಣು ಹುಡುಕಿಕೊಡುತ್ತೇವೆಂದು ಹಣ ಪಡೆದು ಕೈಚೆಲ್ಲಿದ ವಿವಾಹ ಜಾಲತಾಣವೊಂದಕ್ಕೆ ಶುಲ್ಕ ವಾಪಸು ಮಾಡಿ 25,000 ರೂಪಾಯಿ ಪರಿಹಾರ ಕೊಡುವಂತೆ ಆದೇಶವಾಯಿತು. ಮದುವೆ ಆಗಲಿಲ್ಲ ಎಂಬುದು ಅಲ್ಲಿ ತಪ್ಪೆನಿಸಲಿಲ್ಲ. ಜಾಹೀರಾತಿನಲ್ಲಿ ಆಸೆ ತೋರಿಸಿ, ಹಣ ಬಂದ ಮೇಲೆ ಫೋನಿಗೂ ಸಿಗದೆ ಹೋದದ್ದು ತಪ್ಪೆನಿಸಿತು.

ಎರಡು ಪ್ರಕರಣಗಳನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಪಯುಕ್ತ.

ಮೊದಲನೆಯದು ಮಲಯಾಳಂ ಹಾಸ್ಯನಟ ಹರಿಶ್ರೀ ಅಶೋಕನ್ ಅವರದ್ದು. ತಾವು ಹೆಸರು ಮಾಡಿದ ಚಿತ್ರದ ನೆನಪಿಗೆ ಮನೆಗೆ ಪಂಜಾಬಿ ಹೌಸ್ ಎಂದೇ ಹೆಸರಿಟ್ಟವರು ಅವರು. ಆ ಮನೆಗೆ ಹಾಸಿದ ಆಮದು ಟೈಲ್ಸುಗಳ ಬಣ್ಣ ಮಾಸಿತು, ಅವು ಒಡೆದು ಎದ್ದವು, ಸಂದುಗಳಿಂದ ನೀರೂ ಕೆಸರೂ ಮೇಲಕ್ಕೆ ಬರತೊಡಗಿದವು. ಟೈಲ್ಸ್ ಮಾರಿದವರು, ಸರಬರಾಜು ಮಾಡಿದವರು, ಹಾಸಿದವರು ಮೂವರೂ ಎದುರುದಾರರು. ಇಂಥ ತಕರಾರುಗಳ ಸಾಮಾನ್ಯ ಕಥೆ ಗೊತ್ತಿರುವುದೇ: ಟೈಲ್ಸ್ ಚೆನ್ನಾಗಿದೆ, ಹಾಸಿದ್ದು ಸರಿಯಿಲ್ಲ ಎಂದು ಅಂಗಡಿಯವರು, ಹಾಸಿದ್ದು ಸರಿಯಾಗಿದೆ, ಮಾಲೇ ಕಳಪೆ ಎಂದು ಕೆಲಸದವರು. ಮನೆಯವನು ಇಬ್ಬರ ನಡುವೆ ಅಲೆಯುತ್ತಾನೆ. ಇಲ್ಲಿ ಆಯೋಗ ಮೂವರನ್ನೂ ಒಟ್ಟಿಗೆ ಹೊಣೆ ಮಾಡಿ, ಸುಮಾರು 17.83 ಲಕ್ಷ ರೂಪಾಯಿ ಕೊಡಲು ಹೇಳಿತು. ಬಿಲ್ಲು ಮತ್ತು ವಾರಂಟಿಯ ದಾಖಲೆಗಳನ್ನು ಸರಿಯಾಗಿ ಕೊಡದೆ ಗ್ರಾಹಕನನ್ನು ಸತಾಯಿಸಿದ್ದನ್ನೇ ಅನುಚಿತ ವ್ಯಾಪಾರವೆಂದು ಪರಿಗಣಿಸಿತು. ಬಿಲ್ಲು ಕೊಡದಿರುವುದು 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲೇ ಸೇರಿದೆ. ಬಿಲ್ಲು ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎಂಬ ಅಂಗಡಿಯ ಪ್ರಲೋಭನೆಗೆ ಬೀಳುವವರು ಇದನ್ನು ಗಮನಿಸಬೇಕು.

ಎರಡನೆಯದು ಗ್ರಾಹಕ ಸೋತ ಪ್ರಕರಣ, ಅದಕ್ಕೇ ಹೆಚ್ಚು ಕಲಿಸುವಂಥದ್ದು. 2024ರ ನವೆಂಬರಿನಲ್ಲಿ ಎರ್ನಾಕುಳಂ ಜಿಲ್ಲೆಯ ಕೋಲಂಚೇರಿಯ ಹೋಟೆಲೊಂದರಲ್ಲಿ ಪರೋಟ ಮತ್ತು ಬೀಫ್ ಫ್ರೈ ತರಿಸಿಕೊಂಡ ಗಿರಾಕಿಗೆ ಗ್ರೇವಿ ಕೊಡಲು ಹೋಟೆಲಿನವರು ಒಪ್ಪಲಿಲ್ಲ. ಕೇರಳದಲ್ಲಿ ಪರೋಟದ ಜೊತೆ ಒಂದಿಷ್ಟು ಗ್ರೇವಿ ಬಿಟ್ಟಿಯಾಗಿ ಬರುತ್ತದೆ ಎಂಬುದು ಎಲ್ಲರ ನಂಬಿಕೆ. ತಾಲ್ಲೂಕು ಸರಬರಾಜು ಅಧಿಕಾರಿ ಮತ್ತು ಆಹಾರ ಸುರಕ್ಷತಾ ಅಧಿಕಾರಿ ವಿಚಾರಣೆ ಮಾಡಿ, ಆ ಹೋಟೆಲು ಗ್ರೇವಿ ಕೊಡುವ ಪದ್ಧತಿ ಇಟ್ಟುಕೊಂಡಿಲ್ಲ ಎಂದು ವರದಿ ಕೊಟ್ಟರು. ದೂರು ಆಯೋಗಕ್ಕೆ ಬಂತು. 2025ರ ಮೇ ತಿಂಗಳಲ್ಲಿ ಅದು ವಜಾ ಆಯಿತು. ಗ್ರೇವಿ ಕೊಡುತ್ತೇವೆಂದು ಹೋಟೆಲು ಎಲ್ಲೂ ಹೇಳಿರಲಿಲ್ಲ, ಅದಕ್ಕೆ ಹಣವನ್ನೂ ಪಡೆದಿರಲಿಲ್ಲ. ಹಾಗಿದ್ದ ಮೇಲೆ ಸೇವಾ ನ್ಯೂನತೆ ಎಲ್ಲಿಂದ? ಮಾಂಸ ಹಳಸಿತ್ತು, ರುಚಿ ಕೆಟ್ಟಿತ್ತು ಎಂಬ ದೂರಾಗಿದ್ದರೆ ಮಾತೇ ಬೇರೆ. ಜನ ಈ ಸುದ್ದಿಯನ್ನು ನಗುತ್ತಾ ಓದಿದರು. ಆದರೆ ಗೆರೆ ಎಲ್ಲಿದೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸುವ ಆದೇಶ ಇನ್ನೊಂದು ಸಿಗಲಿಕ್ಕಿಲ್ಲ. ರೂಢಿಯಲ್ಲಿ ಸಿಗುವುದೆಲ್ಲ ಹಕ್ಕಾಗುವುದಿಲ್ಲ.

ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಬಿಲ್ಲಿನಲ್ಲಿ ಅಚ್ಚು ಹಾಕುವುದರ ವಿರುದ್ಧ ಕೇರಳ ಸರ್ಕಾರ 2007ರಲ್ಲೇ ಆದೇಶ ಹೊರಡಿಸಿತ್ತು. ಎರ್ನಾಕುಳಂ ಆಯೋಗ ಅದನ್ನು ಎತ್ತಿ ಹಿಡಿದಿದೆ. ಹೊಸ ಕಾಯ್ದೆಯಂತೆ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ದೋಷವಿದ್ದರೆ ಮಾತ್ರ. ಮನೆಗೆ ಬಂದ ಮೇಲೆ ಬಣ್ಣ ಒಪ್ಪಲಿಲ್ಲ ಎಂಬುದು ದೋಷವಲ್ಲ.

ಜಾಹೀರಾತಿನ ಹೊಣೆ

ಬಳಸಿದರೆ ಚೆಲುವು ಹುಡುಕಿಕೊಂಡು ಬರುತ್ತದೆ ಎಂಬರ್ಥದ ಸೋಪಿನ ಜಾಹೀರಾತಿನಲ್ಲಿ ನಟ ಮಮ್ಮೂಟ್ಟಿ ಕಾಣಿಸಿಕೊಂಡಿದ್ದರು. ಹಚ್ಚಿದರೂ ಚೆಲುವು ಬರಲಿಲ್ಲವೆಂದು ಮಾನಂತವಾಡಿಯ ಶಿಲ್ಪಿಯೊಬ್ಬರು 2015ರಲ್ಲಿ ವಯನಾಡು ಜಿಲ್ಲಾ ವೇದಿಕೆಗೆ ದೂರು ಕೊಟ್ಟರು. ಕಂಪನಿ 30,000 ರೂಪಾಯಿ ಕೊಟ್ಟು ರಾಜಿ ಮಾಡಿಕೊಂಡಿತು. ತ್ರಿಶೂರಿನ ಇನ್ನೊಂದು ಪ್ರಕರಣ ರಾಜಿಯಲ್ಲಿ ಮುಗಿಯಲಿಲ್ಲ. ಕೂದಲು ಬೆಳೆಸುವ ಕ್ರೀಮೊಂದರ ಜಾಹೀರಾತಿನಲ್ಲಿ ನಟಿಸಿದ್ದ ಅನೂಪ್ ಮೆನನ್, ತಾವು ಅದನ್ನು ಬಳಸಿಲ್ಲ, ತಾಯಿ ಕಾಸಿಕೊಟ್ಟ ಎಣ್ಣೆಯನ್ನೇ ಹಚ್ಚುವುದು ಎಂದು ವಿಚಾರಣೆಯಲ್ಲಿ ಒಪ್ಪಿಕೊಂಡರು. ಕಂಪನಿಗೂ ನಟನಿಗೂ ತಲಾ 10,000 ರೂಪಾಯಿ ದಂಡ ಬಿತ್ತು. ಸುದ್ದಿಯಾದದ್ದು 2021ರ ಜನವರಿಯಲ್ಲಿ. ಮೊತ್ತ ಸಣ್ಣದು, ಆದರೆ ನಟನನ್ನೂ ಹೊಣೆ ಮಾಡಿದ್ದು ಸಣ್ಣದಲ್ಲ. ಈಗ ದೆಹಲಿಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸುಳ್ಳು ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮುಖ ತೋರಿಸಿದವರು ಸರಿಯಾಗಿ ವಿಚಾರಿಸಿಯೇ ಒಪ್ಪಿದ್ದೇವೆಂದು ತೋರಿಸಿದರೆ ಪಾರು.

ಮರಡು ಫ್ಲ್ಯಾಟುಗಳು

ಕೊಚ್ಚಿಯ ಅತಿ ದೊಡ್ಡ ಗ್ರಾಹಕ ದುರಂತ ಗ್ರಾಹಕ ಆಯೋಗದಲ್ಲಿ ತೀರಲಿಲ್ಲ. ಹಿನ್ನೀರ ದಡದ ಮರಡಿನಲ್ಲಿ 2006ರಲ್ಲಿ ಪಂಚಾಯತಿಯ ಪರವಾನಗಿ ಪಡೆದು ಎದ್ದ ವಸತಿ ಸಮುಚ್ಚಯಗಳು ಕರಾವಳಿ ನಿಯಂತ್ರಣ ವಲಯದ ನಿಯಮ ಮುರಿದಿವೆ ಎಂದು ಸುಪ್ರೀಂ ಕೋರ್ಟು 2019ರ ಮೇ 8ರಂದು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕಕ್ಕೆ ಬಲಿಯಾಗಿ ನೆಲಕ್ಕೆ ಕುಸಿಯುವುದನ್ನು ದೇಶವೇ ಟಿವಿಯಲ್ಲಿ ನೋಡಿತು. ಕೊಂಡವರ ಕೈಯಲ್ಲಿ ನೋಂದಣಿ ಪತ್ರವಿತ್ತು, ಮನೆ ನಂಬರಿತ್ತು, ಕಂದಾಯದ ರಸೀದಿಯಿತ್ತು, ಬ್ಯಾಂಕ್ ಸಾಲವೂ ಸಿಕ್ಕಿತ್ತು. ಇಷ್ಟೆಲ್ಲ ಕಾಗದ ಇದ್ದೂ ಮನೆ ಉಳಿಯಲಿಲ್ಲ. ಪ್ರತಿ ಫ್ಲ್ಯಾಟಿಗೆ 25 ಲಕ್ಷ ರೂಪಾಯಿಯ ಮಧ್ಯಂತರ ಪರಿಹಾರವನ್ನು ಸರ್ಕಾರ ಮೊದಲು ಕೊಟ್ಟು ಬಿಲ್ಡರುಗಳಿಂದ ವಸೂಲು ಮಾಡಲಿ ಎಂದು ಕೋರ್ಟು ಹೇಳಿ, ನಿವೃತ್ತ ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ಅವರ ಸಮಿತಿಗೆ ಲೆಕ್ಕಾಚಾರ ಒಪ್ಪಿಸಿತು. ಮೇಲೆ ಕಾಗದದ ಬಲವನ್ನು ಹೊಗಳಿದ್ದಕ್ಕೆ ಮರಡು ಒಂದು ಎಚ್ಚರಿಕೆ: ಮಾರುವವನ ಕಾಗದದ ಜೊತೆಗೆ ಪರವಾನಗಿ ಕೊಟ್ಟವನಿಗೆ ಆ ಅಧಿಕಾರ ಇತ್ತೇ ಎಂಬುದನ್ನೂ ನೋಡಬೇಕಾಗುತ್ತದೆ. ಸಾಮಾನ್ಯ ಕೊಳ್ಳುವವನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಆ ಪರಿಶೀಲನೆ ನೋಂದಣಿ ಇಲಾಖೆಯ ಮತ್ತು ಸ್ಥಳೀಯ ಆಡಳಿತದ ಕೆಲಸ.

ಈಗ ಕೇರಳದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ತಿರುವನಂತಪುರದಲ್ಲಿದೆ. ಹೇಳಿದ ಸಮಯಕ್ಕೆ ಫ್ಲ್ಯಾಟು ಕೊಡದ ಬಿಲ್ಡರನ ವಿರುದ್ಧ ಅಲ್ಲಿಗೂ ಹೋಗಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು. ಒಂದಿದೆ ಎಂದು ಇನ್ನೊಂದು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿದೆ.

ಬೇರೆ ಬಾಗಿಲುಗಳು

ಎಲ್ಲ ತಕರಾರೂ ಗ್ರಾಹಕ ಆಯೋಗಕ್ಕೇ ಹೋಗಬೇಕಿಲ್ಲ. ವಿದ್ಯುತ್ ಬಿಲ್ಲಿನ ಜಗಳಕ್ಕೆ ಕೇರಳ ವಿದ್ಯುತ್ ಮಂಡಳಿಯ ಕುಂದುಕೊರತೆ ವೇದಿಕೆಗಳು ಕೊಟ್ಟಾರಕ್ಕರ, ಎರ್ನಾಕುಳಂ, ಕಲ್ಲಿಕೋಟೆಗಳಲ್ಲಿವೆ. ಅಲ್ಲಿ ತೃಪ್ತಿಯಾಗದಿದ್ದರೆ ಕೊಚ್ಚಿಯ ವಿದ್ಯುತ್ ಒಂಬುಡ್ಸ್‌ಮನ್. ವಿಮೆಯ ಒಂಬುಡ್ಸ್‌ಮನ್ ಕಚೇರಿಯೂ ಕೊಚ್ಚಿಯಲ್ಲೇ ಇದ್ದು, ಕೇರಳ, ಲಕ್ಷದ್ವೀಪ, ಮಾಹೆಯ ದೂರುಗಳನ್ನು ಬಿಟ್ಟಿಯಾಗಿ ನೋಡುತ್ತದೆ. ಬ್ಯಾಂಕಿನ ದೂರುಗಳಿಗೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಸಾರಿಗೆ, ಅಂಚೆ, ನೀರು, ಆಸ್ಪತ್ರೆಯಂಥ ಸಾರ್ವಜನಿಕ ಸೇವೆಗಳ ತಕರಾರಿಗೆ ಖಾಯಂ ಲೋಕ ಅದಾಲತ್ತುಗಳು ತಿರುವನಂತಪುರ, ಎರ್ನಾಕುಳಂ, ಕಲ್ಲಿಕೋಟೆಗಳಲ್ಲಿ ಕೂರುತ್ತವೆ. ಅಲ್ಲಿ ಮೊದಲು ರಾಜಿಯ ಪ್ರಯತ್ನ, ಆಗದಿದ್ದರೆ ತೀರ್ಪು. ವಿಮೆಯ ವಿಷಯದಲ್ಲಿ ಒಂಬುಡ್ಸ್‌ಮನ್ ದಾರಿ ಆಯೋಗಕ್ಕಿಂತ ಚುರುಕು ಎಂಬುದು ವ್ಯವಹಾರ ಬಲ್ಲವರ ಮಾತು.

ಕಾಸರಗೋಡಿನ ಕನ್ನಡಿಗರಿಗೆ

ಕೇರಳದ ಉತ್ತರ ತುದಿಯ ಕನ್ನಡಿಗರಿಗೆ ಈ ವ್ಯವಸ್ಥೆಯಲ್ಲಿ ಒಂದು ಅನುಕೂಲವೂ ಒಂದು ತೊಡಕೂ ಇವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದವರು ಚಿನ್ನಕ್ಕೂ ಫ್ರಿಜ್ಜಿಗೂ ಆಸ್ಪತ್ರೆಗೂ ಮಂಗಳೂರಿಗೆ ಹೋಗುವುದು ಇಂದು ನಿನ್ನೆಯ ರೂಢಿಯಲ್ಲ. ಹಳೆಯ ಕಾಯ್ದೆಯಲ್ಲಿ ಎದುರುದಾರ ಎಲ್ಲಿದ್ದಾನೋ, ವ್ಯವಹಾರ ಎಲ್ಲಿ ನಡೆಯಿತೋ ಅಲ್ಲಿ ದೂರು ಕೊಡಬೇಕಿತ್ತು, ಅಂದರೆ ಮಂಗಳೂರಿನಲ್ಲೇ. ಹೊಸ ಕಾಯ್ದೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಾಗದಲ್ಲೂ ದೂರು ಕೊಡಲು ಬಿಡುತ್ತದೆ. ಹೀಗಾಗಿ ತಲಪಾಡಿಯ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು ಕಾಸರಗೋಡು ಜಿಲ್ಲಾ ಆಯೋಗದಲ್ಲೇ ಆ ಆಸ್ಪತ್ರೆಯ ವಿರುದ್ಧ ದೂರು ಹೂಡಬಹುದು. ಕೊಚ್ಚಿ ಅಥವಾ ತಿರುವನಂತಪುರದಲ್ಲಿ ಕೆಲಸಕ್ಕಿರುವ ಕರ್ನಾಟಕದವರು ಬೆಂಗಳೂರಿನ ಅಂಗಡಿಯ ವಿರುದ್ಧ ತಾವಿರುವ ಊರಿನಲ್ಲೇ ದೂರು ಕೊಡಬಹುದು.

ತೊಡಕು ಮೇಲ್ಮನವಿಯದ್ದು. ಕಾಸರಗೋಡಿನ ಆದೇಶದ ವಿರುದ್ಧ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬೇಕು, ಅದಿರುವುದು ರೈಲಿನಲ್ಲಿ ಹತ್ತಿರಹತ್ತಿರ ಆರುನೂರು ಕಿಲೋಮೀಟರ್ ದೂರವಿರುವ ತಿರುವನಂತಪುರದಲ್ಲಿ. ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಅಡಕೆ ತೋಟದ ಸಣ್ಣ ಹಿಡುವಳಿದಾರನಿಗೆ ಲೆಕ್ಕಕ್ಕಿದೆ. ವಿಡಿಯೋ ಮೂಲಕ ವಿಚಾರಣೆಗೆ ಕಾಯ್ದೆಯಲ್ಲಿ ಅವಕಾಶವಿದೆ, ಅದನ್ನು ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆದರೂ ಮೇಲಿನ ಹಂತದಲ್ಲಿ ಓದುವವರು ಕನ್ನಡ ಬಲ್ಲವರಾಗಿರುತ್ತಾರೆ ಎಂದು ನೆಚ್ಚಿಕೊಳ್ಳುವ ಬದಲು, ಕನ್ನಡದ ಬಿಲ್ಲು ಮತ್ತು ಪತ್ರಗಳಿಗೆ ಇಂಗ್ಲಿಷ್ ಭಾಷಾಂತರ ಲಗತ್ತಿಸುವುದು ಜಾಣತನ.

ವಿಳಂಬ ಮತ್ತು ಅಮಲ್ಜಾರಿ

ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವುದು ಹಾಗಲ್ಲ. ವಿವಾಹ ಜಾಲತಾಣದ ದೂರು 2019ರದ್ದು, ಆದೇಶ 2024ರದ್ದು. ಅಧ್ಯಕ್ಷರ, ಸದಸ್ಯರ ಹುದ್ದೆಗಳು ಖಾಲಿ ಬೀಳುವುದು ಇದಕ್ಕೆ ದೊಡ್ಡ ಕಾರಣ. ಈ ಬಗ್ಗೆ ಸುಪ್ರೀಂ ಕೋರ್ಟು 2021ರಲ್ಲಿ ತಾನಾಗಿಯೇ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. ವಕೀಲರಿಲ್ಲದ ನ್ಯಾಯಾಲಯ ಎಂಬ 1986ರ ಕನಸೂ ಪೂರ್ತಿ ಕೈಗೂಡಲಿಲ್ಲ. ಕಂಪನಿ ವಕೀಲರನ್ನು ಕಳಿಸಿದ ಮೇಲೆ ದೂರುದಾರನೂ ಒಬ್ಬರನ್ನು ಹುಡುಕಿಕೊಳ್ಳುತ್ತಾನೆ, ಆಮೇಲೆ ವಾಯಿದೆಗಳು ಸಿವಿಲ್ ಕೋರ್ಟಿನ ಗತಿಯನ್ನೇ ಹಿಡಿಯುತ್ತವೆ. ಮಧ್ಯಸ್ಥಿಕೆಗೆ ಹೊಸ ಕಾಯ್ದೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಇಬ್ಬರೂ ಒಪ್ಪಿದರೆ ಆ ದಾರಿ ಬೇಗ ಮುಗಿಯುತ್ತದೆ.

ಗೆದ್ದ ಮೇಲೂ ಹಣ ತಾನಾಗಿ ಬರುವುದಿಲ್ಲ. ಮೇಲ್ಮನವಿಗೆ ಹೋಗುವ ಕಂಪನಿ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಸುಮ್ಮನೆ ಕಾಲ ತಳ್ಳುವವರಿಗೆ ಇದೊಂದು ತಡೆ. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಆದೇಶ ಕೊಟ್ಟ ಆಯೋಗಕ್ಕೇ ಅಮಲ್ಜಾರಿ ಅರ್ಜಿ ಹಾಕಬೇಕು. ಅದು ಸಿವಿಲ್ ಡಿಕ್ರಿಯಂತೆ ಆಸ್ತಿ ಜಪ್ತಿಗೂ ಹೋಗಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25,000ದಿಂದ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದೇಶದ ಪ್ರತಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಸುಮ್ಮನಾಗುವವರು ಈ ಅರ್ಜಿಯನ್ನು ಮರೆಯಬಾರದು.

ತಕರಾರು ಹುಟ್ಟಿದ ದಿನದಿಂದ ದೂರು ಕೊಡಲು ಇರುವ ಕಾಲ ಎರಡು ವರ್ಷ. ಸರ್ವೀಸ್ ಸೆಂಟರಿನವರು ಇಂದು ಬನ್ನಿ, ನಾಳೆ ಬನ್ನಿ ಎನ್ನುತ್ತಿರುವಾಗಲೂ ಆ ಲೆಕ್ಕ ಓಡುತ್ತಲೇ ಇರುತ್ತದೆ. ತಡವಾದರೆ ಕಾರಣ ವಿವರಿಸಿ ಮನ್ನಾ ಕೇಳಬಹುದು, ಆದರೆ ಕೊಡುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು. ಆದ್ದರಿಂದ ಮೊದಲ ರಿಪೇರಿಗೆ ಕೊಟ್ಟ ದಿನವೇ ಜಾಬ್ ಕಾರ್ಡಿನ ಪ್ರತಿಯನ್ನು ಕೇಳಿ ಪಡೆದು, ಬಿಲ್ಲಿನ ಜೊತೆ ಇಟ್ಟುಕೊಳ್ಳಿ.